ಮುಂಗಾಲಿನ ಮುಳ್ಳು

ಸಿಂಗಪುರದ ಉಬಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕೋಣೆಗೆ ಕಿಟಕಿ ಇರಲಿಲ್ಲ. ಕೆಳಗಿನ ಎರಡು ಮಹಡಿಗಳಲ್ಲಿ ಕಾರು ರಿಪೇರಿಯ ವರ್ಕ್‌ಶಾಪುಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ಪೇಂಟಿನ ವಾಸನೆ ಲಿಫ್ಟಿನ ಸಂದಿಯಿಂದ ಮೇಲೇರಿ ಬಂದು, ನನ್ನ ಊಟದ ಡಬ್ಬಿಯ ಹುಳಿಯ ವಾಸನೆಯ ಜೊತೆ ಸೇರಿಕೊಳ್ಳುತ್ತಿತ್ತು. ಐದು ಜನ ಒಂದೇ ಸಾಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತು, ದಿನವಿಡೀ ಯುರೋಪಿನ ಚಿಟ್ಟೆಗಳನ್ನು ನೋಡುತ್ತಿದ್ದೆವು.

ಅಲ್ಲಿಯ ಜನ ವಾಕಿಂಗ್ ಹೋದಾಗ, ಬೆಟ್ಟ ಹತ್ತಿದಾಗ, ಹಿತ್ತಿಲಲ್ಲಿ ಕಾಫಿ ಕುಡಿಯುವಾಗ ಕಂಡ ಚಿಟ್ಟೆಯ ಫೋಟೋ ತೆಗೆದು ಫೋನಿನ ಒಂದು ಆ್ಯಪಿಗೆ ಹಾಕುತ್ತಿದ್ದರು. ಮೊದಲು ಯಂತ್ರವೇ ಹೆಸರು ಊಹಿಸುತ್ತಿತ್ತು. ಒಂದರಂತೆ ಇನ್ನೊಂದಿರುವ ಎರಡು ಮೂರು ಜಾತಿಗಳ ನಡುವೆ ಯಂತ್ರಕ್ಕೆ ಅನುಮಾನ ಬಂದಾಗ ಆ ಫೋಟೋ ನಮ್ಮ ಮುಂದೆ ಬರುತ್ತಿತ್ತು. ನಾವು ಒಂದು ಹೆಸರು ಆರಿಸಿ ಒತ್ತಿದರೆ ಮುಂದಿನದು. ಫೋಟೋ ಕಳಿಸಿದವರಿಗೆ ‘ನಿಮ್ಮ ಚಿಟ್ಟೆಯನ್ನು ತಜ್ಞರು ಖಚಿತಪಡಿಸಿದ್ದಾರೆ’ ಎಂಬ ಸಂದೇಶ ಹೋಗುತ್ತಿತ್ತು. ಆ ತಜ್ಞರಲ್ಲಿ ನಾನೂ ಒಬ್ಬಳು. ಯುರೋಪಿನ ನೆಲವನ್ನು ನಾನು ಒಂದು ದಿನಕ್ಕೂ ಮೆಟ್ಟಿರಲಿಲ್ಲ.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿ ಮುಗಿಸಿ, ಕೆಲವು ವರ್ಷ ಅಕ್ಕಿಕಾಳಿಗಿಂತ ಚಿಕ್ಕ ಕಣಜಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಜಾತಿವಾರು ಬೇರ್ಪಡಿಸುವ ಕೆಲಸ ಮಾಡಿದ್ದೆ. ಅದೇ ಕೆಲಸ ನನ್ನನ್ನು ಸಿಂಗಪುರದ ಒಂದು ಲ್ಯಾಬಿಗೆ ಕರೆತಂದಿತು. ಹಿಂದೆಯೇ ಇವರು, ಅಂದರೆ ನನ್ನ ಗಂಡ, ಪಿಯು ಕಾಲೇಜಿನ ಗಣಿತದ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಬಂದರು. ನಾಲ್ಕು ವರ್ಷಕ್ಕೆ ಲ್ಯಾಬಿನ ಪ್ರಾಜೆಕ್ಟ್ ಮುಗಿಯಿತು. ಬೇರೆ ಲ್ಯಾಬುಗಳಿಗೆ ಬರೆದೆ, ಒಬ್ಬರೂ ಕರೆಯಲಿಲ್ಲ. ಇಲ್ಲಿ ಕೆಲಸ ಮಾಡಲು ಸರ್ಕಾರ ಕೊಡುವ ಪಾಸು ಮುಗಿಯುವುದಕ್ಕೆ ಹದಿನೈದು ದಿನ ಇದ್ದಾಗ ಉಬಿಯ ಈ ಕಂಪನಿ ಸಿಕ್ಕಿತು. ಸಿಕ್ಕಿದ್ದು ಪುಣ್ಯ ಅಂದುಕೊಂಡೆ.

ಇಲ್ಲಿಯ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನನ್ನ ಪಾಸು ಕಂಪನಿಗೆ ಕಟ್ಟಿದ್ದು. ಇವರದ್ದು ಮತ್ತು ಮಗಳದ್ದು ನನ್ನ ಪಾಸಿಗೆ ಕಟ್ಟಿದ್ದು. ಮಗಳ ಸ್ಕೂಲು, ಟ್ಯಾಂಪಿನೀಸಿನ ಬಾಡಿಗೆ ಮನೆ, ಎಲ್ಲ ಅದಕ್ಕೇ ಪೋಣಿಸಿಕೊಂಡಿದ್ದವು. ನಾನು ಕೆಲಸ ಬಿಟ್ಟರೆ ಅಥವಾ ಅವರೇ ಬಿಡಿಸಿದರೆ ತಿಂಗಳೊಳಗೆ ಮೂವರೂ ಗಂಟುಮೂಟೆ ಕಟ್ಟಬೇಕು. ಆ ವರ್ಷ ಮಗಳು ಆರನೇ ಕ್ಲಾಸು. ಮುಂದೆ ಯಾವ ಸ್ಕೂಲು ಎಂದು ತೀರ್ಮಾನಿಸುವ ದೊಡ್ಡ ಪರೀಕ್ಷೆ ಸೆಪ್ಟೆಂಬರಿನಲ್ಲಿತ್ತು. ‘ಅಲ್ಲಿಯವರೆಗೆ ಅಲ್ಲಾಡಬೇಡ’ ಎಂದು ಇವರು ಜನವರಿಯಲ್ಲೇ ಹೇಳಿದ್ದರು. ನಾನು ಅಲ್ಲಾಡಲಿಲ್ಲ.

ಕೆಲಸ ಮೊದಮೊದಲು ಖುಷಿಯಾಗಿತ್ತು ಎಂದರೆ ಸುಳ್ಳಲ್ಲ. ಚಿಟ್ಟೆ ನನ್ನ ವಿಷಯವಲ್ಲ, ಆದರೆ ಒಂದೇ ಥರ ಕಾಣುವ ಎರಡು ಜೀವಗಳನ್ನು ಬೇರೆ ಮಾಡುವುದು ನನ್ನ ವಿಷಯ. ಮೂರು ತಿಂಗಳು ಕೂತು ಕಲಿತೆ. ಕಿತ್ತಳೆ ಬಣ್ಣದ ಮೇಲೆ ಕಪ್ಪು ಜಾಲರಿ ಇರುವ ಗುಂಪೊಂದಿತ್ತು, ಅದರಲ್ಲಿ ಕೆಲವನ್ನು ಹೊಟ್ಟೆ ಕೊಯ್ದು ನೋಡದೆ ಹೇಳುವುದಕ್ಕೇ ಆಗುವುದಿಲ್ಲ. ಬಿಳಿ ಚಿಟ್ಟೆಗಳಲ್ಲೂ ಅಂಥ ಜೋಡಿ ಇದ್ದವು. ನನಗೆ ಬಹಳ ಹಿಡಿಸಿದ್ದು ನೀಲಿಗಳು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಅವುಗಳಲ್ಲಿ ಎರಡು ಜಾತಿ, ಸಿಲ್ವರ್ ಸ್ಟಡೆಡ್ ಮತ್ತು ಐಡಾಸ್, ಅಕ್ಕತಂಗಿಯರ ಹಾಗೆ. ರೆಕ್ಕೆಯ ಕಪ್ಪು ಅಂಚು ಅಗಲವಾಗಿದ್ದರೆ ಸಿಲ್ವರ್ ಸ್ಟಡೆಡ್, ಸಪೂರವಾಗಿದ್ದರೆ ಐಡಾಸ್ ಎನ್ನುತ್ತಾರೆ. ಆದರೆ ಅಂಚು ಒಂದೊಂದರಲ್ಲಿ ಒಂದೊಂದು ಥರ, ಹಳತಾದಂತೆ ಸವೆದೂ ಹೋಗುತ್ತದೆ. ನಂಬಬಹುದಾದ ಗುರುತು ಒಂದೇ. ಸಿಲ್ವರ್ ಸ್ಟಡೆಡ್ ಗಂಡಿಗೆ ಮುಂಗಾಲಿನಲ್ಲಿ ಒಂದು ಸಣ್ಣ ಮುಳ್ಳಿರುತ್ತದೆ. ಐಡಾಸಿಗೆ ಅದಿಲ್ಲ. ಚಿಟ್ಟೆಯ ಫೋಟೋ ತೆಗೆಯುವವರು ಯಾರು ಕಾಲು ನೋಡುತ್ತಾರೆ? ನೂರಕ್ಕೆ ಒಂದು ಫೋಟೋದಲ್ಲಿ ಕಾಲು ಕಂಡರೆ ಹೆಚ್ಚು.

ಹಾಗಾಗಿ ‘ಈ ಫೋಟೋದಿಂದ ಹೇಳಲಾಗದು’ ಎಂಬ ಬಟನ್ನನ್ನು ನಾನು ಎಲ್ಲರಿಗಿಂತ ಹೆಚ್ಚು ಒತ್ತುತ್ತಿದ್ದೆ. ಒಂದು ಸೋಮವಾರ ಬಂದು ನೋಡಿದರೆ ಆ ಬಟನ್ ಇರಲಿಲ್ಲ.

ನಮ್ಮ ಮೇಲ್ವಿಚಾರಕಿ ಐವತ್ತು ದಾಟಿದ ಚೀನೀ ಹೆಂಗಸು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಟ್ಯಾಕ್ಸಿ ಹತ್ತಿಸಿ ಕಳಿಸಿದವರು. ಅವರೂ ಗಂಡನ ಡಯಾಲಿಸಿಸ್ಸು, ಮಗನ ಓದು ಅಂತ ಆ ಕುರ್ಚಿಗೇ ಅಂಟಿಕೊಂಡವರು. ಬಟನ್ ಎಲ್ಲಿ ಎಂದು ಕೇಳಿದೆ. ಹೆಸರು ಸಿಗದಿದ್ದರೆ ಜನ ಆ್ಯಪ್ ಡಿಲೀಟ್ ಮಾಡುತ್ತಾರಂತೆ, ಯುರೋಪಿನ ಕ್ಲೈಂಟ್ ಹೇಳಿದ್ದಾರೆ ಎಂದರು. ಹೇಳಲಾಗದ್ದನ್ನು ಹೇಗೆ ಹೇಳುವುದು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ಇಲ್ಲಿಯವರು ಮಾತಿನ ಕೊನೆಗೆ ಹಚ್ಚುವ ‘ಲಾ’ ಸೇರಿಸಿ, “ಯು ಚೂಸ್ ದ ಮೋರ್ ಲೈಕ್ಲಿ ಒನ್ ಲಾ. ಹೆಸರು ತಪ್ಪಾದರೆ ಚಿಟ್ಟೆಗೆ ನೋವಾಗುತ್ತದಾ?” ಎಂದರು.

ಅವತ್ತು ನೀಲಿ ಚಿಟ್ಟೆ ಬಂದಾಗಲೆಲ್ಲ ಸಿಲ್ವರ್ ಸ್ಟಡೆಡ್ ಎಂದು ಒತ್ತಿದೆ. ಅದೇ ಹೆಚ್ಚು ಸಾಮಾನ್ಯ, ತಪ್ಪಾಗುವ ಸಂಭವ ಕಡಿಮೆ. ಮೊದಲ ವಾರ ಪ್ರತಿ ಸಲವೂ ಬೆರಳು ಒಂದು ಕ್ಷಣ ತಡೆಯುತ್ತಿತ್ತು. ತಿಂಗಳು ಕಳೆದ ಮೇಲೆ ತಡೆಯಲಿಲ್ಲ. ನನಗೆ ಈಗಲೂ ಭಯವಾಗುವುದು ಅದನ್ನು ನೆನೆದರೆ. ಎಷ್ಟು ಬೇಗ ರೂಢಿಯಾಗಿಬಿಟ್ಟಿತು.

ಮನೆಗೆ ಬಂದರೆ ಅಲ್ಲೂ ಜಾಗ ಇರಲಿಲ್ಲ. ಎರಡು ರೂಮಿನ ಮನೆ. ಒಂದರಲ್ಲಿ ಮಗಳು ಬಾಗಿಲು ಹಾಕಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಹಾಲಿನಲ್ಲಿ ಟಿವಿ ಹಾಕುವ ಹಾಗಿಲ್ಲ. ಇವರು ಸಂಜೆ ಕುಕ್ಕರ್ ಇಳಿಸಿ, ಮಗಳಿಗೆ ಲೆಕ್ಕ ಹೇಳಿಕೊಟ್ಟು, ಕಾರಿಡಾರಿನ ಕರಿಬೇವಿನ ಗಿಡದ ಪಕ್ಕ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಅರವತ್ತು ಹುಡುಗರ ಕ್ಲಾಸಿನಲ್ಲಿ ಸದ್ದಡಗಿಸಿ ಪಾಠ ಮಾಡಿದ ಮನುಷ್ಯ. ಇಲ್ಲಿ ಅವರಿಗೆ ಮಾತಾಡಲು ಸಿಗುತ್ತಿದ್ದವರು ಪಕ್ಕದ ಮನೆಯ ಮಲಾಯ್ ಆಂಟಿ ಒಬ್ಬರೇ, ಅದೂ ಕರಿಬೇವು ಕೇಳಲು ಬಂದಾಗ. ನಾನು ಆಫೀಸಿನ ಮಾತು ಎತ್ತಿದರೆ ಇವರು ಕೇಳಿಸಿಕೊಳ್ಳುತ್ತಾ ಕರಿಬೇವಿನ ಒಣಗಿದ ಎಲೆ ಆರಿಸುತ್ತಿದ್ದರು. ಒಮ್ಮೆ ಮಗಳಿಗೆ ಫೋನಿನಲ್ಲಿ ಎರಡು ನೀಲಿ ಚಿಟ್ಟೆ ತೋರಿಸಿ ವ್ಯತ್ಯಾಸ ಹೇಳು ಎಂದೆ. ಅವಳು ನೋಟ್‌ಬುಕ್ಕಿನಿಂದ ತಲೆಯನ್ನೇ ಎತ್ತದೆ “ಸೇಮ್ ಸೇಮ್ ಲಾ ಅಮ್ಮ” ಎಂದಳು.

ಆ ಬೇಸಿಗೆಯಲ್ಲಿ, ಅಂದರೆ ಯುರೋಪಿನ ಬೇಸಿಗೆಯಲ್ಲಿ, ಒಬ್ಬ ಮುದುಕನ ಫೋಟೋಗಳು ನನ್ನ ಸರದಿಗೆ ಮತ್ತೆ ಮತ್ತೆ ಬರತೊಡಗಿದವು. ಯುರೋಪಿನ ನಡುವಿನ ಒಂದು ಸಣ್ಣ ದೇಶ. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾದವನು. ಅವನ ಮನೆಯ ಹಿಂದೆ ಹಳೆಯ ರೈಲು ಹಳಿ, ಈಗ ರೈಲು ಓಡುವುದಿಲ್ಲ. ಜಲ್ಲಿಯ ನಡುವೆ ಹಳದಿ, ನೇರಳೆ ಹೂಗಳು. ದಿನಾ ಅಲ್ಲಿಗೆ ಹೋಗಿ ಚಿಟ್ಟೆಯ ಫೋಟೋ ತೆಗೆಯುತ್ತಿದ್ದ. ಇದೆಲ್ಲ ನನಗೆ ತಿಳಿದದ್ದು ಫೋಟೋದ ಕೆಳಗೆ ಟಿಪ್ಪಣಿ ಹಾಕುವ ಜಾಗದಲ್ಲಿ ಅವನು ಬರೆಯುತ್ತಿದ್ದುದರಿಂದ. ಬೇರೆಯವರು ಅಲ್ಲಿ ಏನೂ ಬರೆಯುತ್ತಿರಲಿಲ್ಲ. ಅವನು ಯಂತ್ರದಿಂದ ಇಂಗ್ಲಿಷಿಗೆ ಮಾಡಿಸಿ ದಿನಚರಿಯನ್ನೇ ಬರೆಯುತ್ತಿದ್ದ. ಇವತ್ತು ಮಂಡಿ ನೋವು, ಎರಡನೇ ಸಿಗ್ನಲ್ ಕಂಬದವರೆಗೆ ಮಾತ್ರ ಹೋದೆ. ಇವತ್ತು ಗಾಳಿ, ಚಿಟ್ಟೆ ಕೂರಲಿಲ್ಲ. ಇವತ್ತು ಇರುವೆಗಳು ಒಂದು ನೀಲಿ ಚಿಟ್ಟೆಯ ಮರಿಹುಳುವಿನ ಸುತ್ತ ಓಡಾಡುವುದನ್ನು ಅರ್ಧ ಗಂಟೆ ನೋಡಿದೆ.

ನಾವು ಉತ್ತರ ಬರೆಯುವ ಹಾಗಿರಲಿಲ್ಲ. ಹೆಸರು ಒತ್ತುವುದಷ್ಟೇ. ಆದರೂ ಅವನ ಫೋಟೋ ಬಂದ ದಿನ ನನಗೆ ಆ ಕೋಣೆಯ ಗೋಡೆ ಸ್ವಲ್ಪ ದೂರ ಸರಿದಂತೆ ಆಗುತ್ತಿತ್ತು.

ಜೂನ್ ಕೊನೆಯಲ್ಲಿ ಅವನಿಂದ ಒಂದು ನೀಲಿ ಬಂತು. ರೆಕ್ಕೆ ಬಿಚ್ಚಿ ಜಲ್ಲಿಕಲ್ಲಿನ ಮೇಲೆ ಕೂತಿದೆ. ಅಂಚು ಸಪೂರವೂ ಅಲ್ಲ ಅಗಲವೂ ಅಲ್ಲ. ಕಾಲು ಕಾಣುವುದಿಲ್ಲ. ಯಂತ್ರ ಎರಡು ಹೆಸರಿಗೂ ಸಮ ಸಮ ಎಂದಿತ್ತು. ಎಂದಿನಂತೆ ಸಿಲ್ವರ್ ಸ್ಟಡೆಡ್ ಒತ್ತಬೇಕಿತ್ತು. ಕೆಳಗೆ ಅವನು ಬರೆದಿದ್ದ, ಇಷ್ಟು ವರ್ಷದಲ್ಲಿ ತನಗೆ ಎಲ್ಲವೂ ಸಾಮಾನ್ಯ ಚಿಟ್ಟೆಗಳೇ ಸಿಕ್ಕಿವೆ, ಇದಾದರೂ ಬೇರೆ ಇರಬಹುದಾ ಎಂದು. ಐಡಾಸ್ ಅವನ ದೇಶದಲ್ಲಿ ಅಪರೂಪ, ಎಲ್ಲೋ ಎರಡು ಮೂರು ಕಡೆ ಉಳಿದಿದೆ, ಅದೂ ಜಲ್ಲಿ ಮರಳಿನ ಜಾಗಗಳಲ್ಲಿ. ಇರಬಾರದು ಅಂತೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಮುದುಕನಿಗೆ ಒಂದು ಅಪರೂಪದ್ದು ಸಿಗಲಿ ಅನಿಸಿತು. ನಾನು ಎಲ್ಲಿಗೂ ಹೋಗಲಾರದೆ ಕೂತ ಜಾಗದಿಂದ ಯಾರಿಗಾದರೂ ಒಂದು ಸಂತೋಷ ಕಳಿಸಬಹುದು ಅನಿಸಿತು. ಐಡಾಸ್ ಎಂದು ಒತ್ತಿದೆ. ಮುಂದಿನ ಫೋಟೋ ಬಂತು.

ಮೂರು ವಾರದ ಮೇಲೆ ಮೇಡಂ ನನ್ನನ್ನು ತಮ್ಮ ಟೇಬಲ್ಲಿಗೆ ಕರೆದರು. ಕ್ಲೈಂಟ್ ಮೂಲಕ ಒಂದು ಪತ್ರ ಬಂದಿತ್ತು, ಆ ಮುದುಕನದ್ದೇ. ಅವನ ಊರಿನ ಪುರಸಭೆ ಹಳೆಯ ಹಳಿ ಕಿತ್ತು ಲಾರಿ ನಿಲ್ಲಿಸುವ ಜಾಗ ಮಾಡಬೇಕೆಂದಿದೆ. ಅವನು ಮೀಟಿಂಗಿಗೆ ಹೋಗಿ, ಅಲ್ಲಿ ಅಪರೂಪದ ಐಡಾಸ್ ಇದೆ, ತಜ್ಞರು ಖಚಿತಪಡಿಸಿದ್ದಾರೆ ಎಂದು ಫೋನ್ ತೋರಿಸಿದ್ದಾನೆ. ಪುರಸಭೆಯವರು ಹಾಗಾದರೆ ತಜ್ಞರಿಂದ ಬರವಣಿಗೆಯಲ್ಲಿ ತನ್ನಿ ಎಂದಿದ್ದಾರೆ. ಪತ್ರದ ಕೊನೆಯಲ್ಲಿ ಅವನು, ನಲವತ್ತು ವರ್ಷ ಆ ಹಳಿಯ ಮೇಲೆ ಹೋಗುವ ರೈಲಿಗೆ ಹಸಿರು ದೀಪ ತೋರಿಸಿದವನು ನಾನು, ಈಗ ನೀವು ನನಗೆ ಹಸಿರು ದೀಪ ತೋರಿಸಿ ಎಂದು ಬರೆದಿದ್ದ.

ಮೇಡಂ ಅದನ್ನು ಮೆಚ್ಚಿಕೊಂಡೇ ಓದಿದರು. ಕ್ಲೈಂಟಿಗೂ ಖುಷಿಯಾಗಿದೆ, ಆ್ಯಪಿಗೆ ಒಳ್ಳೆಯ ಹೆಸರು, ಒಂದು ಪ್ಯಾರಾ ಬರೆದುಕೊಡು, ಶುಕ್ರವಾರದೊಳಗೆ ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ. ನನ್ನ ಸೀಟಿಗೆ ಬಂದು ಆ ಫೋಟೋ ಮತ್ತೆ ತೆರೆದೆ. ಎಷ್ಟು ದೊಡ್ಡದು ಮಾಡಿದರೂ ಕಾಲಿರುವ ಕಡೆ ಬರೀ ಕಪ್ಪು ನೆರಳು. ಬೆಳಕು ಹೆಚ್ಚಿಸಿದೆ, ಬಣ್ಣ ತೆಗೆದೆ. ಇಲ್ಲ. ನಾನು ಏನನ್ನೂ ನೋಡದೆ ಹೇಳಿದ್ದೆ. ಎದ್ದು ಹೊರಗೆ ಹೋಗಬೇಕೆನಿಸಿತು, ಹೊರಗೆ ಹೋದರೂ ಲಿಫ್ಟಿನ ಮುಂದಿನ ಕಾರಿಡಾರು. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಖಚಿತ ಎಂದು ಬರೆದುಕೊಟ್ಟರೆ ಒಂದು ಜಾಗ ಉಳಿಯಬಹುದು. ಇರುವೆ, ಹೂವು, ಚಿಟ್ಟೆ, ಮುದುಕನ ವಾಕಿಂಗು ಎಲ್ಲ ಉಳಿಯಬಹುದು. ಒಂದು ಸುಳ್ಳಿನಿಂದ ಒಳ್ಳೆಯದಾಗುವುದಾದರೆ ತಪ್ಪೇನು? ಆದರೆ ಅವರು ಅಲ್ಲಿಗೇ ಒಬ್ಬ ನಿಜವಾದ ತಜ್ಞನನ್ನು ಕರೆಸಿ ಬಲೆ ಬೀಸಿ ಹಿಡಿದು ನೋಡಿದರೆ? ಆಗ ಇಡೀ ಊರಿನ ಮುಂದೆ ಸುಳ್ಳುಗಾರನಾಗುವವನು ಅವನು. ನನ್ನ ಹೆಸರು ಎಲ್ಲೂ ಇರುವುದಿಲ್ಲ. ಬರೆದುಕೊಡದಿದ್ದರೆ ಕ್ಲೈಂಟಿನ ಮುಂದೆ ಕಂಪನಿಯ ಮಾನ ಹೋಗುತ್ತದೆ, ಮತ್ತು ನನ್ನ ಪಾಸಿನ ನವೀಕರಣ ನವೆಂಬರಿನಲ್ಲಿತ್ತು. ಈ ಮೂರನ್ನೂ ತಿರುವಿ ಹಾಕುತ್ತಾ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋಗಿದ್ದೆ.

ಗುರುವಾರ ಏನೋ ಸಾರ್ವಜನಿಕ ರಜೆ. ಮಗಳನ್ನು ಟ್ಯೂಷನ್ನಿಗೆ ಬಿಟ್ಟು ನಾವಿಬ್ಬರೂ ದಿನಸಿಗೆಂದು ಲಿಟಲ್ ಇಂಡಿಯಾಕ್ಕೆ ಹೋದೆವು. ರಜೆಯ ದಿನದ ನೂಕುನುಗ್ಗಲು. ತರಕಾರಿ ಅಂಗಡಿಯ ಮುಂದೆ ಇವರು ಗುಂಡು ಬದನೆಕಾಯಿ ಆರಿಸುತ್ತಿದ್ದರು. ಆಗ ಎಲ್ಲ ಹೇಳಿಬಿಟ್ಟೆ, ನಾನೇ ಬೇಕೆಂದು ಐಡಾಸ್ ಒತ್ತಿದ್ದನ್ನೂ ಸೇರಿಸಿ. ಇವರು ಬದನೆಕಾಯಿ ಕೆಳಗಿಡಲಿಲ್ಲ. ಒಂದೊಂದನ್ನೇ ತೊಟ್ಟು ಹಿಡಿದು ತಿರುಗಿಸಿ ನೋಡುತ್ತಾ, ಬರೆದುಕೊಡು, ಯಾವುದೋ ದೇಶದ ಪುರಸಭೆಗೆ ನೀನು ಲೆಕ್ಕ ಒಪ್ಪಿಸಬೇಕಾಗಿಲ್ಲ, ಮಗುವಿನ ಪರೀಕ್ಷೆಗೆ ಎರಡು ತಿಂಗಳಿದೆ ಎಂದರು. ನೀವೇ ಆಗಿದ್ದರೆ ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಹಾಕುತ್ತಿದ್ದಿರಾ ಎಂದು ಕೇಳಿದೆ. ಕೇಳಬಾರದಿತ್ತು.

ಇವರು ಸಂಚಿ ನನ್ನ ಕೈಗೆ ಕೊಟ್ಟರು. “ಹಾಕುತ್ತಿರಲಿಲ್ಲ,” ಎಂದರು. “ಅದು ನನ್ನ ಕ್ಲಾಸು ಆಗಿತ್ತು. ಈಗ ನನಗೆ ಕ್ಲಾಸಿಲ್ಲ. ನಿನ್ನ ಪಾಸಿನ ಹಿಂದೆ ನಾನೊಂದು ಬಾಲ. ಬಾಲವನ್ನು ಕೇಳಬೇಡ.”

ಸುತ್ತ ಜನ ತಳ್ಳುತ್ತಿದ್ದರು. ಅಂಗಡಿಯವನು ತೂಕ ಹಾಕಬೇಕಾ ಎಂದು ತಮಿಳಿನಲ್ಲಿ ಕೇಳುತ್ತಿದ್ದ. ಇಷ್ಟು ವರ್ಷದಲ್ಲಿ ಈ ಮನುಷ್ಯ ಒಂದು ದಿನವೂ ಆಡದ ಮಾತು ಅದು. ಅವರೂ ನನ್ನಷ್ಟೇ, ಬಹುಶಃ ನನಗಿಂತ ಹೆಚ್ಚು, ಸಿಕ್ಕಿಹಾಕಿಕೊಂಡಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತಿತ್ತು. ನೋಡದೆ ಇದ್ದೆ. ಮೆಟ್ರೋ ರೈಲಿನಿಂದ ಟ್ಯಾಂಪಿನೀಸಿನಲ್ಲಿ ಇಳಿದು ಸೈಕಲ್ ದಾರಿಯ ಪಕ್ಕ ನಡೆಯುವಾಗ ಇವರು, “ನೀನು ಬರೆಯುವುದು ಬರಿ. ಏನಾದರೂ ಆದರೆ ಮೈಸೂರಿನಲ್ಲೂ ಸ್ಕೂಲುಗಳಿವೆ,” ಎಂದರು. ಸಮಾಧಾನಕ್ಕೆ ಹೇಳಿದರೋ, ಮನಸ್ಸಿನ ಆಸೆಯೇ ಬಾಯಿಗೆ ಬಂತೋ, ನಾನು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೂತು ಬರೆದೆ. ಆ ಫೋಟೋದಿಂದ ಎರಡು ಜಾತಿಗಳಲ್ಲಿ ಯಾವುದೆಂದು ಹೇಳಲು ಸಾಧ್ಯವಿಲ್ಲ, ಹೆಸರು ಕೊಟ್ಟದ್ದು ನನ್ನ ತಪ್ಪು. ಗಂಡು ಚಿಟ್ಟೆಯ ಮುಂಗಾಲನ್ನು ಹತ್ತಿರದಿಂದ, ಪಕ್ಕದಿಂದ ತೆಗೆದ ಫೋಟೋ ಬೇಕು. ಕಾಲಿನಲ್ಲಿ ಮುಳ್ಳು ಇದ್ದರೆ ಸಾಮಾನ್ಯದ್ದು, ಇಲ್ಲದಿದ್ದರೆ ಅಪರೂಪದ್ದು ಇರಬಹುದು. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹೋದರೆ ಚಿಟ್ಟೆ ಹಾರದೆ ಹುಲ್ಲುಕಡ್ಡಿಗೆ ಅಂಟಿಕೊಂಡಿರುತ್ತದೆ, ಆಗ ತೆಗೆಯುವುದು ಸುಲಭ. ಇಷ್ಟೇ. ಅದನ್ನು ಮೇಡಂಗೆ ಕಳಿಸಿ ಅವರ ಟೇಬಲ್ಲಿನ ಮುಂದೆ ಹೋಗಿ ನಿಂತೆ.

ಅವರು ಎರಡು ಸಲ ಓದಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಬಹಳ ಹೊತ್ತು ಕೀಬೋರ್ಡಿನ ಧೂಳು ಒರೆಸಿದರು. ಆಮೇಲೆ ಕೇಳಿದರು, “ಕ್ಯಾನ್ ಆರ್ ಕೆನಾಟ್? ಈ ಫೋಟೋದಿಂದ, ಯಾರಿಗಾದರೂ, ಯಾವ ದೊಡ್ಡ ಪ್ರೊಫೆಸರಿಗಾದರೂ?”

“ಕೆನಾಟ್,” ಎಂದೆ.

ಹಾಗಾದರೆ ಹೀಗೇ ಕಳಿಸುತ್ತೇನೆ ಎಂದರು. ‘ನನ್ನ ತಪ್ಪು’ ಎಂಬುದನ್ನು ತೆಗೆದು ‘ನಮ್ಮ ತಪ್ಪು’ ಎಂದು ಮಾಡಿ ನನ್ನ ಕಣ್ಣೆದುರೇ ಕಳಿಸಿದರು. ಅದರ ಹಿಂದೆಯೇ, ಕ್ಲೈಂಟ್ ಯಾರು ಮಾಡಿದ್ದು ಎಂದು ಕೇಳಿಯೇ ಕೇಳುತ್ತಾರೆ, ನಾನು ಹೇಳಲೇಬೇಕಾಗುತ್ತದೆ ಎಂದೂ ಹೇಳಿದರು. ಕೇಳಿದರು, ಹೇಳಿದರು. ಆಗಸ್ಟ್ ಮೊದಲ ವಾರ ನನ್ನನ್ನು ಚಿಟ್ಟೆಗಳಿಂದ ತೆಗೆದು ಬೆನ್ನ ಹಿಂದಿನ ಸಾಲಿಗೆ ಹಾಕಿದರು. ಅಲ್ಲಿ ಇನ್ಶೂರೆನ್ಸಿಗಾಗಿ ಅಪಘಾತದ ಕಾರುಗಳ ಫೋಟೋ ನೋಡಿ, ಇದು ಗೀರು, ಇದು ತಗ್ಗು, ಇದು ಬಿರುಕು ಎಂದು ಗುರುತು ಹಾಕುವ ಕೆಲಸ. ಕಾರುಗಳಲ್ಲಿ ಅನುಮಾನಕ್ಕೆ ಜಾಗ ಕಡಿಮೆ. ದಿನಗಳು ಹೇಗೆ ಹೋದವೋ ನೆನಪಿಲ್ಲ. ರಾಜೀನಾಮೆ ಕೊಡುವ ಹಾಗಿಲ್ಲ, ಕೊಡಬೇಕೆಂದು ದಿನಾ ಅನಿಸುತ್ತಿತ್ತು. ಒಮ್ಮೆ ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದ ಮೇಲೂ ಒಳಗೇ ನಿಂತಿದ್ದು, ಮತ್ತೆ ಕೆಳಗಿಳಿದು, ಮತ್ತೆ ಮೇಲೆ ಹೋದೆ.

ಆಗಸ್ಟ್ ಕೊನೆಯಲ್ಲಿ ಮೇಡಂ ಕರೆದು, ನಿನ್ನ ರೈಲ್ವೆ ಅಂಕಲ್ ಬರೆದಿದ್ದಾನೆ ಎಂದರು. ಒಂಬತ್ತು ಫೋಟೋ ಕಳಿಸಿದ್ದ. ಇಬ್ಬನಿಯಲ್ಲಿ ಒದ್ದೆಯಾದ ಹುಲ್ಲು, ಅದರ ಮೇಲೆ ತಲೆಕೆಳಗಾಗಿ ಮಲಗಿದ ನೀಲಿ ಗಂಡು. ಜಲ್ಲಿಯ ಮೇಲೆ ಹೊಟ್ಟೆ ಹಾಕಿ ಮಲಗಿ ತೆಗೆದಿರಬೇಕು, ಒಂದು ಫೋಟೋದ ಮೂಲೆಯಲ್ಲಿ ಅವನ ಶರ್ಟಿನ ತೋಳು ಬಂದಿತ್ತು. ಆ ಮಂಡಿಯಲ್ಲಿ ಹೇಗೆ ಮಲಗಿದ, ಹೇಗೆ ಎದ್ದ, ದೇವರಿಗೇ ಗೊತ್ತು. ಏಳನೇ ಫೋಟೋದಲ್ಲಿ ಮುಂಗಾಲು ಸ್ಪಷ್ಟವಾಗಿತ್ತು. ಬಿಳಿ ರೋಮದ ನಡುವೆ ಕಂದು ಬಣ್ಣದ ಮುಳ್ಳು. ಯಾರು ನೋಡಿದರೂ ಹೇಳಬಹುದಿತ್ತು.

ಮೇಡಂ ನನ್ನ ಮುಖ ನೋಡಿದರು. ಸಾಮಾನ್ಯದ್ದೇ ಎಂದೆ. ಈ ಸಲ ಬರೆಯುವುದಕ್ಕೆ ಎರಡು ಸಾಲು ಸಾಕಾಯಿತು.

ಅವನಿಂದ ಕೃತಜ್ಞತೆ ಬರುತ್ತದೆ ಎಂದು ನಾನು ಒಳಗೊಳಗೇ ಕಾದಿದ್ದೆ ಎಂದು ಕಾಣುತ್ತದೆ. ನಿಜ ಹೇಳಿದವರಿಗೆ ಕೊನೆಗೆ ಯಾರಾದರೂ ಒಳ್ಳೆಯ ಮಾತು ಹೇಳುತ್ತಾರೆ ಎಂಬುದು ನಾನು ಬೆಳೆದ ನಂಬಿಕೆ. ಬಂದ ಉತ್ತರ ಬೇರೆ. ಮೇಡಂ ಅದನ್ನು ಪ್ರಿಂಟ್ ತೆಗೆದು ನನ್ನ ಕೈಗೆ ಕೊಟ್ಟು ಟೀ ತರಲು ಹೋದರು. ನಾನು ಒಬ್ಬಳೇ ಇದ್ದಾಗ ಓದಲಿ ಎಂದಿರಬೇಕು.

‘ನೀವು ಮೊದಲೇ ಗೊತ್ತಿಲ್ಲ ಎಂದಿದ್ದರೆ ನಾನು ಮೀಟಿಂಗಿಗೆ ಹೋಗುತ್ತಿರಲಿಲ್ಲ,’ ಎಂದು ಬರೆದಿದ್ದ. ‘ಹೋಗಿ ಎಲ್ಲರ ಮುಂದೆ ಮಾತಾಡಿದೆ. ಈಗ ಅಂಗಡಿಯಲ್ಲಿ ಸಿಕ್ಕಿದವರು ನಿನ್ನ ಅಪರೂಪದ ಚಿಟ್ಟೆ ಹೇಗಿದೆ ಎಂದು ಕೇಳುತ್ತಾರೆ. ನೀವು ಕೊಡದೆ ಇರಬಹುದಿತ್ತು. ಕೊಟ್ಟು ಕಸಿದುಕೊಂಡಿರಿ.’ ಹಳಿ ತೆಗೆಯುವುದು ಮುಂದಿನ ವಸಂತಕ್ಕೆ ಎಂದು ಪುರಸಭೆ ತೀರ್ಮಾನಿಸಿತ್ತು. ಕೊನೆಯಲ್ಲಿ ಸಹಿ ಕೂಡ ಇರಲಿಲ್ಲ.

ಅವನ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಆ ಕಾಗದವನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಇವರು ಓದಿದರು. ಓದಿ, ನೀನು ಜೂನಿನಲ್ಲಿ ಮಾಡಿದ್ದಕ್ಕೆ ಅವನು ಬೈದಿದ್ದಾನೆ, ಜುಲೈನಲ್ಲಿ ಮಾಡಿದ್ದಕ್ಕಲ್ಲ ಎಂದರು. ಮೇಷ್ಟರು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆಯುವ ಮಾತಿನಂತೆ ಇತ್ತು ಅದು. ನನಗೆ ಸಮಾಧಾನವಾಗಲಿಲ್ಲ, ಆದರೆ ಅವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಮಗಳು ಪರೀಕ್ಷೆ ಬರೆದಳು. ಚೆನ್ನಾಗಿಯೇ ಮಾಡಿದಳು, ಟ್ಯಾಂಪಿನೀಸಿನಲ್ಲೇ ಕೇಳಿದ ಸ್ಕೂಲು ಸಿಕ್ಕಿತು. ಪರೀಕ್ಷೆ ಮುಗಿದರೆ ಕೆಲಸ ಬಿಡುತ್ತೇನೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಸ್ಕೂಲು ಸಿಕ್ಕ ಮೇಲೆ ಇನ್ನೂ ನಾಲ್ಕು ವರ್ಷದ ಮಾತಾಯಿತು. ನವೆಂಬರಿನಲ್ಲಿ ನನ್ನ ಪಾಸಿನ ನವೀಕರಣಕ್ಕೆ ಮೇಡಂ ಅರ್ಜಿ ಹಾಕಿದ್ದರು, ನನಗೆ ಹೇಳದೆಯೇ. ಎರಡು ವರ್ಷಕ್ಕೆ ಆಯಿತು. ಥ್ಯಾಂಕ್ಸ್ ಹೇಳಲು ಹೋದರೆ, ಕಾರು ವಿಭಾಗಕ್ಕೆ ಜನ ಬೇಕು ಅಷ್ಟೇ ಎಂದು ಕನ್ನಡಕ ಹಾಕಿಕೊಂಡು ಸ್ಕ್ರೀನಿಗೆ ತಿರುಗಿದರು.

ಆ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಇವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಒಳ್ಳೆಯದಾಯಿತು ಎಂದರು. ಆ ಒಂದು ಕ್ಷಣದಲ್ಲಿ ಏನಿತ್ತು ಎಂದು ನನಗೆ ಗೊತ್ತು. ಮಾರನೆಯ ವಾರದಿಂದ ಅವರು ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಂಬಗಳ ನಡುವೆ ಖಾಲಿ ಬಿಟ್ಟ ನೆಲಮಹಡಿಯಲ್ಲಿ, ಕಲ್ಲಿನ ಮೇಜಿನ ಹತ್ತಿರ, ಅಕ್ಕಪಕ್ಕದ ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಶುರು ಮಾಡಿದರು. ದುಡ್ಡಿಗಲ್ಲ, ತೆಗೆದುಕೊಳ್ಳುವ ಹಾಗೂ ಇಲ್ಲ. ಮಲಾಯ್ ಆಂಟಿಯ ಮೊಮ್ಮಗಳಿಂದ ಶುರುವಾದದ್ದು. ಒಂದು ಸಂಜೆ ಬಸ್ಸಿಳಿದು ಬರುವಾಗ ಅವರ ಗದರುವ ದನಿ ದೂರಕ್ಕೇ ಕೇಳಿಸಿತು. ಆ ದನಿ ಕೇಳಿ ಎಷ್ಟೋ ವರ್ಷವಾಗಿತ್ತು. ಕಂಬದ ಮರೆಯಲ್ಲಿ ನಿಂತು ಪಾಠ ಮುಗಿಯುವವರೆಗೆ ಕೇಳಿದೆ.

ಆಫೀಸಿನಲ್ಲಿ ನನ್ನ ಹಳೆಯ ಸೀಟಿಗೆ ಒಬ್ಬ ಫಿಲಿಪಿನೋ ಹುಡುಗಿ ಬಂದಿದ್ದಾಳೆ. ಬಂದ ಎರಡನೇ ವಾರ ಅವಳು ಹಿಂದೆ ತಿರುಗಿ, ಈ ಎರಡು ನೀಲಿಯಲ್ಲಿ ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಅಕ್ಕಾ ಎಂಬರ್ಥದಲ್ಲಿ ನನ್ನನ್ನು ಕೇಳಿದಳು. ಬಟನ್ ಇನ್ನೂ ವಾಪಸ್ ಬಂದಿಲ್ಲ. ಕಾರಿನ ಬಂಪರ್ ಒಂದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಅವಳ ಸ್ಕ್ರೀನ್ ನೋಡಿದೆ. ಕಾಲು ಕಾಣುತ್ತಿರಲಿಲ್ಲ. ಈ ಫೋಟೋದಿಂದ ಗೊತ್ತಾಗುವುದಿಲ್ಲ ಎಂದೆ. ಹಾಗಾದರೆ ನಾನೇನು ಒತ್ತಲಿ ಎಂದು ಕೇಳಿದಳು. ಅವಳ ಪಾಸು ಕೂಡ ಈ ಕಂಪನಿಗೇ ಕಟ್ಟಿದ್ದು. ಮೇಡಂ ತಮ್ಮ ಟೇಬಲ್ಲಿನಿಂದ ನಮ್ಮ ಕಡೆ ನೋಡುತ್ತಿದ್ದರು. ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ, ಗೊತ್ತಿರುವಷ್ಟನ್ನು ಮೊದಲಿನಿಂದ ಹೇಳತೊಡಗಿದೆ.